ಯಾಜಕಕಾಂಡದ ಬಲಿಗಳನ್ನು ಓದುವುದು ಹೇಗೆ? ‘ಯಾರು ತಿಂದರು’ ಎಂದು ಕೇಳುತ್ತಾ ಹೋಗಿ

ಜನವರಿ 1ರಂದು ಬೈಬಲನ್ನು ಮೊದಲಿಂದ ಓದಲು ಶುರುಮಾಡಿದ ಬಹಳ ಮಂದಿ ಫೆಬ್ರುವರಿ ಹೊತ್ತಿಗೆ ಒಂದೇ ಜಾಗದಲ್ಲಿ ನಿಂತುಬಿಡುತ್ತಾರೆ. ಆದಿಕಾಂಡ ಕಥೆಯಾಗಿ ಓದಿಸಿಕೊಳ್ಳುತ್ತದೆ. ವಿಮೋಚನಕಾಂಡದಲ್ಲಿ ಕೆಂಪು ಸಮುದ್ರ ದಾಟುವವರೆಗೆ ಬೇಸರವೇ ಇಲ್ಲ. ದೇವರ ಆರಾಧನೆಗೆ ಕಟ್ಟಿದ ಗುಡಾರದ ಅಳತೆಗಳು ಬಂದಾಗ ವೇಗ ಕಡಿಮೆಯಾಗುತ್ತದೆ. ಮೂರನೇ ಪುಸ್ತಕವಾದ ಯಾಜಕಕಾಂಡದ ಮೊದಲ ಪುಟದಲ್ಲಿ ಹೋರಿ, ರಕ್ತ, ಕೊಬ್ಬು, ಬೂದಿ ಬರುತ್ತಿದ್ದಂತೆ ಪುಸ್ತಕ ಮುಚ್ಚಿಹೋಗುತ್ತದೆ.

ಇನ್ನು ಕೆಲವರು ಯಾವುದೋ ಪಟ್ಟಿ ಹಿಡಿದು ಓದುತ್ತಾರೆ. ಎಣ್ಣೆ ಎಂದರೆ ಇದು, ಹಿಟ್ಟು ಎಂದರೆ ಅದು, ಗೂಟ ಎಂದರೆ ಮತ್ತೊಂದು. ಆ ಗುಡಾರದ ಅಂಗಳಕ್ಕೆ ಪ್ರಾಣಿ ಬರುವ ಮೊದಲೇ ಅರ್ಥ ಬಂದು ಕೂತಿರುತ್ತದೆ. ಹೀಗೆ ಓದಿದವರಿಗೆ ಪಟ್ಟಿ ನೆನಪಿರುತ್ತದೆ, ಯಾಜಕಕಾಂಡ ನೆನಪಿರುವುದಿಲ್ಲ.

ನಾವು ಮೊದಲು ಅಂಗಳದಲ್ಲಿ ನಿಂತು ಏನು ನಡೆಯುತ್ತಿದೆ ಎಂದು ನೋಡೋಣ. ಕ್ರಿಸ್ತನ ವಿಷಯ ಆಮೇಲೆ. ಕೈಯಲ್ಲಿ ಎರಡೇ ಪ್ರಶ್ನೆ ಇರಲಿ: ರಕ್ತ ಎಲ್ಲಿಯವರೆಗೆ ಹೋಯಿತು? ಮಾಂಸವನ್ನು ಯಾರು ತಿಂದರು? ಎರಡನೆಯದು ವಿಚಿತ್ರ ಪ್ರಶ್ನೆ ಅನ್ನಿಸುತ್ತದೆ, ಅಲ್ವಾ? ಆದರೆ ಪ್ರತಿಯೊಂದು ಬಲಿಯ ವಿಷಯದಲ್ಲೂ ಯಾಜಕಕಾಂಡ ಇದಕ್ಕೆ ಬಿಡಿಸಿ ಉತ್ತರ ಹೇಳುತ್ತದೆ. ಬಲಿಗಳ ಅರ್ಥದ ಅರ್ಧ ಪಾಲು ಆ ಉತ್ತರದಲ್ಲೇ ಇದೆ ಎನ್ನುವುದು ನನ್ನ ಅಭಿಪ್ರಾಯ.

ಹೆಜ್ಜೆ 1: ಓದುವ ಭಾಗಗಳನ್ನು ಜೋಡಿಸಿಕೊಳ್ಳಿ

ಯಾಜಕಕಾಂಡದ 1ರಿಂದ 7ನೇ ಅಧ್ಯಾಯ, ಆಮೇಲೆ 9, ಆಮೇಲೆ 16. ಇಬ್ರಿಯರಿಗೆ ಬರೆದ ಪತ್ರಿಕೆಯ 9, 10, 13 ಕೊನೆಗೆ. ಅವಸರವಿಲ್ಲದೆ ಓದಿದರೂ ಒಂದು ವಾರ ಸಾಕು.

ಮೊದಲ ಏಳು ಅಧ್ಯಾಯಗಳಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದಂತೆ ಕಾಣುತ್ತದೆ. ಅದಕ್ಕೆ ಕಾರಣವಿದೆ. 1:1ರಿಂದ 6:7ರವರೆಗಿನ ಮಾತು ಬಲಿ ತರುವ ಜನರಿಗೆ. 6:8ರಿಂದ ಮುಂದಿನ ಮಾತು ಹೆಚ್ಚಾಗಿ ಯಾಜಕರಿಗೆ. ಪ್ರಾಣಿ ಯಾವುದಿರಬೇಕು ಎನ್ನುವುದು ಮೊದಲ ಭಾಗದಲ್ಲಿ ಸಿಕ್ಕರೆ, ಯಾರು ತಿನ್ನಬೇಕು ಎನ್ನುವುದು ಹೆಚ್ಚಾಗಿ ಎರಡನೆಯದರಲ್ಲಿ ಸಿಗುತ್ತದೆ. ಹಾಗಾಗಿ ಜೋಡಿಸಿ ಓದಿ: 1ನೇ ಅಧ್ಯಾಯದ ಜೊತೆ 6:8–13, 2ರ ಜೊತೆ 6:14–23, 3ರ ಜೊತೆ 7:11–36. 4:1ರಿಂದ 5:13ರವರೆಗಿನದಕ್ಕೆ 6:24–30 ಜೋಡಿ. 5:14ರಿಂದ 6:7ರವರೆಗಿನದಕ್ಕೆ 7:1–10 ಜೋಡಿ.

ಇಲ್ಲಿ ನಾನು ಸರ್ವಾಂಗಹೋಮ (1ನೇ ಅಧ್ಯಾಯ), ಧಾನ್ಯನೈವೇದ್ಯ (2), ಸಮಾಧಾನಯಜ್ಞ (3), ದೋಷಪರಿಹಾರಕ ಯಜ್ಞ (4:1–5:13), ಪ್ರಾಯಶ್ಚಿತ್ತಯಜ್ಞ (5:14–6:7) ಎಂಬ ಹಳೆಯ ಹೆಸರುಗಳನ್ನು ಬಳಸಿದ್ದೇನೆ. ನಿಮ್ಮ ಬೈಬಲ್‌ನಲ್ಲಿ ದಹನಬಲಿ, ಶಾಂತಿಬಲಿ ಎಂಬಂಥ ಹೆಸರುಗಳಿರಬಹುದು. ಹೆಸರಿಗೆ ತಲೆಕೆಡಿಸಿಕೊಳ್ಳದೆ ಅಧ್ಯಾಯದ ಸಂಖ್ಯೆ ಹಿಡಿದು ಹೋಗಿ.

ಹೆಜ್ಜೆ 2: ಅಂಗಳದ ಚಿತ್ರ ಬರೆಯಿರಿ

ಕಾಗದ, ಪೆನ್ಸಿಲ್ ತೆಗೆದುಕೊಂಡು ನಿಜವಾಗಿಯೂ ಬರೆಯಿರಿ. ಅಂಗಳ 100 ಮೊಳ ಉದ್ದ, 50 ಮೊಳ ಅಗಲ. ಒಂದು ಮೊಳಕ್ಕೆ ಸುಮಾರು 45 ಸೆಂಟಿಮೀಟರ್ ಎಂದು ಹಿಡಿದರೆ 45 ಮೀಟರ್ ಉದ್ದ, 22 ಮೀಟರಿನಷ್ಟು ಅಗಲ. ಬಾಗಿಲು ಪೂರ್ವಕ್ಕೆ. ಒಳಗೆ ಕಾಲಿಟ್ಟರೆ ಎದುರಿಗೇ ಯಜ್ಞವೇದಿ: 5 ಮೊಳದ ಚೌಕ, 3 ಮೊಳ ಎತ್ತರ, ಜಾಲಿಮರಕ್ಕೆ ತಾಮ್ರದ ಹೊದಿಕೆ, ನಾಲ್ಕು ಮೂಲೆಗೆ ನಾಲ್ಕು ಕೊಂಬು. ಅದರಾಚೆ ಯಾಜಕರು ಕೈಕಾಲು ತೊಳೆಯುವ ತಾಮ್ರದ ತೊಟ್ಟಿ. ಆಮೇಲೆ ಗುಡಾರ. ಗುಡಾರದ ಮೊದಲ ಕೋಣೆಯಲ್ಲಿ ದೀಪಸ್ತಂಭ, ರೊಟ್ಟಿಯ ಮೇಜು, ಧೂಪವೇದಿ. ತೆರೆಯ ಹಿಂದೆ ಮಹಾಪವಿತ್ರಸ್ಥಾನ. ಅಲ್ಲಿ ಮಂಜೂಷ, ಅಂದರೆ ಒಡಂಬಡಿಕೆಯ ಪೆಟ್ಟಿಗೆ, ಅದರ ಮೇಲೆ ಮುಚ್ಚಳವಾಗಿ ಕೃಪಾಸನ.

ಕೊಂಬಿರುವ ವೇದಿ ಬರೀ ಬರಹದಲ್ಲಿ ಉಳಿದದ್ದಲ್ಲ. ದಕ್ಷಿಣ ಇಸ್ರೇಲಿನ ಬೇರ್ಷೆಬದಲ್ಲಿ 1973ರಲ್ಲಿ ಅಂಥದ್ದೊಂದು ದೊಡ್ಡ ಯಜ್ಞವೇದಿಯ ಕಲ್ಲುಗಳು ಸಿಕ್ಕವು. ಯಾರೋ ಹಿಂದೆಯೇ ಅದನ್ನು ಕಳಚಿ, ಕೊಂಬಿನ ಸಮೇತ ಉಗ್ರಾಣದ ಗೋಡೆಗೆ ಕಟ್ಟಿಬಿಟ್ಟಿದ್ದರು!

ಈಗ ಚಿತ್ರದಲ್ಲಿ ಒಂದು ಗೆರೆ ಎಳೆಯಿರಿ. ಬಲಿ ತಂದ ರೈತ ಅಂಗಳದವರೆಗೆ ಬರಬಹುದು, ಗುಡಾರದೊಳಗೆ ಹೋಗುವಂತಿಲ್ಲ. ಒಳಕ್ಕೆ ಯಾಜಕ ಮಾತ್ರ. ತೆರೆಯ ಹಿಂದೆ ಮಹಾಯಾಜಕ ಒಬ್ಬನೇ, ಅದೂ ವರ್ಷದಲ್ಲಿ ಒಂದೇ ದಿನ. ಮುಂದೆ ರಕ್ತ ಎಲ್ಲಿಗೆ ಹೋಯಿತು ಎಂದು ಗುರುತು ಹಾಕುವಾಗ ಈ ಚಿತ್ರ ಬೇಕಾಗುತ್ತದೆ.

ಆ ರೈತನ ಜೇಬಿನ ಲೆಕ್ಕವೂ ತಲೆಯಲ್ಲಿರಲಿ. ಅವನ ಆಸ್ತಿ ಎಂದರೆ ಆಡು, ಕುರಿ, ದನ. ಮಾಂಸದೂಟ ದಿನದಿನದ ಮಾತಲ್ಲ. ಅದರಲ್ಲೂ ಕುಂದಿಲ್ಲದ ಪ್ರಾಣಿಯನ್ನೇ ತರಬೇಕು. ಮಲಾಕಿಯನ ಕಾಲಕ್ಕೆ ಜನ ಕುರುಡು, ಕುಂಟು ಪ್ರಾಣಿಗಳನ್ನು ದಾಟಿಸುತ್ತಿದ್ದರು. ಇದನ್ನೇ ನಿಮ್ಮ ದೇಶಾಧಿಪತಿಗೆ ಕೊಟ್ಟು ನೋಡಿ, ಮೆಚ್ಚುತ್ತಾನೋ ಎಂದು ಪ್ರವಾದಿ ಚುಚ್ಚುತ್ತಾನೆ. ದಾವೀದನಿಗೆ ಅರೌನ ತನ್ನ ಕಣ ಮತ್ತು ಎತ್ತುಗಳನ್ನು ಸುಮ್ನೆ ಕೊಡಲು ಬಂದಾಗ ದಾವೀದ ಒಪ್ಪಲಿಲ್ಲ. 50 ಶೆಕೆಲ್ ಬೆಳ್ಳಿ ಕೊಟ್ಟೇ ತೆಗೆದುಕೊಂಡ. ಖರ್ಚಿಲ್ಲದ ಬಲಿಯನ್ನು ದೇವರಿಗೆ ಕೊಡಲಾರೆ ಎಂದ.

ಹೆಜ್ಜೆ 3: ಅಧ್ಯಾಯದ ಕ್ರಮ ಬಿಡಿ, ಅರ್ಪಿಸಿದ ಕ್ರಮ ಹಿಡಿಯಿರಿ

ಪುಸ್ತಕ ಸರ್ವಾಂಗಹೋಮದಿಂದ ಶುರುವಾಗುತ್ತದೆ. ಆದರೆ ಹಲವು ಬಲಿಗಳನ್ನು ಒಟ್ಟಿಗೆ ಅರ್ಪಿಸುವಾಗ ಕ್ರಮ ಬೇರೆ. 9ನೇ ಅಧ್ಯಾಯದಲ್ಲಿ ಆರೋನ ಮೊದಲ ಸಲ ಯಾಜಕನ ಕೆಲಸಕ್ಕೆ ಇಳಿಯುತ್ತಾನೆ. ಮೊದಲು ದೋಷಪರಿಹಾರಕ ಯಜ್ಞ. ಆಮೇಲೆ ಸರ್ವಾಂಗಹೋಮ, ಅದರ ಜೊತೆ ಧಾನ್ಯ. ಕೊನೆಗೆ ಸಮಾಧಾನಯಜ್ಞ. ಬಳಿಕ ಕೈ ಎತ್ತಿ ಜನರನ್ನು ಆಶೀರ್ವದಿಸುತ್ತಾನೆ. ಬಡವ ಎರಡು ಹಕ್ಕಿ ತಂದರೂ ಹೀಗೆಯೇ: 5:8ರ ಪ್ರಕಾರ ಮೊದಲ ಹಕ್ಕಿ ದೋಷಪರಿಹಾರಕ್ಕೆ, ಎರಡನೆಯದು ಹೋಮಕ್ಕೆ. ರಾಜ ಹಿಜ್ಕೀಯ ದೇವಾಲಯವನ್ನು ಮತ್ತೆ ತೆರೆದಾಗಲೂ ಇದೇ ಕ್ರಮ (2 ಪೂರ್ವಕಾಲವೃತ್ತಾಂತ 29).

ಮೊದಲು ಅಡ್ಡಿ ತೆಗೆಯುವುದು. ಆಮೇಲೆ ತನ್ನನ್ನು ಪೂರ್ತಿ ಒಪ್ಪಿಸುವುದು. ಕೊನೆಗೆ ಒಟ್ಟಿಗೆ ಕೂತು ಉಣ್ಣುವುದು. ಬಲಿಪದ್ಧತಿ ಎಲ್ಲಿಗೆ ಹೊರಟಿದೆ ಎನ್ನುವುದು ಈ ಕ್ರಮದಲ್ಲಿ ಕಾಣುತ್ತದೆ. ನಾವು ಕ್ರೈಸ್ತರು ಹೆಚ್ಚಾಗಿ ಮೊದಲ ಮೆಟ್ಟಿಲಲ್ಲೇ ನಿಂತು, ಬಲಿ ಎಂದರೆ ಶಿಕ್ಷೆ, ರಕ್ತ ಇಷ್ಟೇ ಎಂದುಕೊಂಡು ಹೋಗುತ್ತೇವೆ. ಊಟದವರೆಗೆ ಬರುವುದೇ ಇಲ್ಲ.

ಹೆಜ್ಜೆ 4: ದೋಷಪರಿಹಾರಕ ಯಜ್ಞದಲ್ಲಿ ರಕ್ತದ ದಾರಿ ನೋಡಿ

ಇದು ಮುಖ್ಯವಾಗಿ ತಿಳಿಯದೆ ಮಾಡಿದ ತಪ್ಪಿಗೆ. ತಪ್ಪು ಮಾಡಿದವನು ಯಾರು ಎನ್ನುವುದರ ಮೇಲೆ ಪ್ರಾಣಿ ಬದಲಾಗುತ್ತದೆ. ಮಹಾಯಾಜಕನಾದರೆ ಹೋರಿ. ಇಡೀ ಸಮೂಹವಾದರೂ ಹೋರಿ. ಅಧಿಪತಿಯಾದರೆ ಹೋತ. ಸಾಮಾನ್ಯನಾದರೆ ಹೆಣ್ಣು ಆಡು ಅಥವಾ ಹೆಣ್ಣು ಕುರಿ. 5ನೇ ಅಧ್ಯಾಯದಲ್ಲಿ ಇನ್ನೂ ಕೆಳಗಿಳಿಯುತ್ತದೆ: ಕುರಿಗೆ ಗತಿಯಿಲ್ಲದವನು ಎರಡು ಬೆಳವಕ್ಕಿ ಅಥವಾ ಪಾರಿವಾಳ ತರಲಿ, ಅದಕ್ಕೂ ಗತಿಯಿಲ್ಲದವನು ಎಫಾದ ಹತ್ತನೇ ಒಂದು ಪಾಲು ಹಿಟ್ಟು ತರಲಿ. ಅಂದರೆ ಸುಮಾರು 2 ಲೀಟರ್ ಹಿಟ್ಟು. ಎಣ್ಣೆ ಬೇಡ, ಧೂಪ ಬೇಡ.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಸ್ಥಾನ ದೊಡ್ಡದಾದಷ್ಟೂ ತಪ್ಪು ದೊಡ್ಡದು. ಬಡವನಿಗೆ ಮಾತ್ರ ಬಾಗಿಲು ಯಾವ ಹಂತದಲ್ಲೂ ಮುಚ್ಚಿಲ್ಲ. ಹಿಟ್ಟಿನಲ್ಲಿ ರಕ್ತವೇ ಇಲ್ಲ, ಆದರೂ ಅವನಿಗೆ ಕ್ಷಮೆಯಾಗುತ್ತದೆ ಎಂದು 5:13 ಹೇಳುತ್ತದೆ. ಧರ್ಮಶಾಸ್ತ್ರದ ಪ್ರಕಾರ ರಕ್ತದಿಂದಲೇ ಶುದ್ಧಿ ಎನ್ನುವ ಇಬ್ರಿಯ 9:22 ಕೂಡ ‘ಬಹುಮಟ್ಟಿಗೆ’ ಎಂಬ ಅರ್ಥದ ಮಾತನ್ನು ಸೇರಿಸಿಕೊಂಡೇ ಹೇಳುತ್ತದೆ. ಬೋಧನೆಗಳಲ್ಲಿ ಆ ಒಂದು ಮಾತು ಜಾಸ್ತಿ ಬಿಟ್ಟುಹೋಗುತ್ತದೆ.

ಈಗ ರಕ್ತ. ಸಾಮಾನ್ಯನ ಬಲಿಯ ರಕ್ತವನ್ನು ಯಾಜಕ ಅಂಗಳದ ಯಜ್ಞವೇದಿಯ ಕೊಂಬುಗಳಿಗೆ ಹಚ್ಚುತ್ತಾನೆ. ಮಹಾಯಾಜಕನ ಅಥವಾ ಸಮೂಹದ ಬಲಿಯಾದರೆ ರಕ್ತ ಗುಡಾರದೊಳಗೆ ಹೋಗುತ್ತದೆ. ತೆರೆಯ ಮುಂದೆ ಏಳು ಸಲ ಚಿಮುಕಿಸಿ, ಧೂಪವೇದಿಯ ಕೊಂಬುಗಳಿಗೆ ಹಚ್ಚುತ್ತಾರೆ. ದೋಷ ದೊಡ್ಡದಾದಂತೆ ರಕ್ತ ಒಳಗೆ ಹೋಗಬೇಕು. ಚಿತ್ರದಲ್ಲಿ ಬಾಣದ ಗುರುತು ಹಾಕಿಕೊಳ್ಳಿ.

ಯಾರು ತಿಂದರು? ರಕ್ತ ಅಂಗಳದಲ್ಲೇ ಉಳಿದರೆ ಮಾಂಸ ಯಾಜಕನಿಗೆ, ಅದನ್ನು ಪವಿತ್ರಸ್ಥಳದಲ್ಲೇ ತಿನ್ನಬೇಕು. ರಕ್ತ ಗುಡಾರದೊಳಗೆ ಹೋದರೆ ಯಾರೂ ತಿನ್ನುವಂತಿಲ್ಲ. ಕೊಬ್ಬು ವೇದಿಗೆ, ಉಳಿದ ಪ್ರಾಣಿಯನ್ನೆಲ್ಲ ಪಾಳೆಯದ ಹೊರಗೆ ಸುಡಬೇಕು. ಈ ನಿಯಮ 4:12 ಮತ್ತು 6:30ರಲ್ಲಿದೆ. ಅಡಿಗೆರೆ ಎಳೆದಿಡಿ, ಮುಂದೆ ಬೇಕಾಗುತ್ತದೆ.

ತಲೆಯ ಮೇಲೆ ಕೈಯಿಟ್ಟ ಕೂಡಲೇ ಪಾಪ ಪ್ರಾಣಿಯೊಳಗೆ ಹೋಯಿತು ಎಂದು ಬಹಳ ಜನ ವಿವರಿಸುತ್ತಾರೆ. ಹಾಗೆ ಆಗಿದ್ದರೆ ಆ ಮಾಂಸ ಹೊಲಸಾಗಬೇಕಿತ್ತು. ಯಾಜಕಕಾಂಡ ಅದನ್ನು ‘ಮಹಾಪರಿಶುದ್ಧ’ ಎನ್ನುತ್ತದೆ. ಪಾಪವನ್ನು ಪ್ರಾಣಿಯ ಮೇಲೆ ಹೊರಿಸಿದರು ಎಂದು ಬಾಯಿಬಿಟ್ಟು ಹೇಳುವುದು 16:21ರಲ್ಲಿ. ಅಲ್ಲಿ ಕೈ ಎರಡು, ಜೊತೆಗೆ ಅರಿಕೆಯೂ ಇದೆ, ಮತ್ತು ಆ ಹೋತವನ್ನು ಕೊಲ್ಲುವುದಿಲ್ಲ.

ಬೇಕೆಂದೇ, ಸೊಕ್ಕಿನಿಂದ ಮಾಡಿದ ಪಾಪಕ್ಕೆ? ಅದಕ್ಕೆ ಅರಣ್ಯಕಾಂಡ 15:30 ಬಲಿಯನ್ನೇ ಹೇಳುವುದಿಲ್ಲ. 51ನೇ ಕೀರ್ತನೆಯಲ್ಲಿ ದಾವೀದ ಹೋಮದ ಮಾತು ಬಿಟ್ಟು ಮುರಿದ ಮನಸ್ಸನ್ನು ತಂದಿಡುವುದನ್ನು ಈ ಹಿನ್ನೆಲೆಯಲ್ಲಿ ಓದಿ ನೋಡಿ.

ಹೆಜ್ಜೆ 5: ಪ್ರಾಯಶ್ಚಿತ್ತಯಜ್ಞದಲ್ಲಿ ಮೊದಲು ಬಾಕಿ ತೀರಿಸಿ

ನೆರೆಯವನು ಇಟ್ಟುಹೋದದ್ದನ್ನು ನುಂಗಿದವನು, ಸಿಕ್ಕ ವಸ್ತುವನ್ನು ಸಿಕ್ಕಿಲ್ಲ ಎಂದವನು, ಸುಳ್ಳು ಆಣೆಯಿಟ್ಟವನು ಏನು ಮಾಡಬೇಕು? ಪೂರ್ತಿ ವಾಪಸ್ ಕೊಡಬೇಕು, ಅದಕ್ಕೆ ಐದನೇ ಒಂದು ಪಾಲು ಸೇರಿಸಬೇಕು. ಅಂದರೆ 100ಕ್ಕೆ 120. ಟಗರನ್ನೂ ತರಬೇಕು. ದೇವರಿಗೆ ಟಗರು ಕೊಟ್ಟೆ, ನೆರೆಯವನ ಲೆಕ್ಕ ಚುಕ್ತಾ ಎನ್ನುವಂತಿಲ್ಲ. ಯಾರು ತಿಂದರು ಎಂದರೆ ಯಾಜಕರು. ಮೋಸಮಾಡಿದವನಿಗೆ ಅದರಲ್ಲಿ ಪಾಲಿಲ್ಲ.

ಕಾಣಿಕೆಯನ್ನು ವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಂದಿಗೆ ಒಂದಾಗು ಎಂದು ಯೇಸು ಹೇಳಿದ್ದು (ಮತ್ತಾಯ 5:23–24) ಇದೇ ಜಾಡಿನ ಮಾತು. ಸುಂಕದವನಾದ ಜಕ್ಕಾಯನಂತೂ ಐದನೇ ಒಂದು ಪಾಲಿಗೆ ನಿಲ್ಲಲಿಲ್ಲ. ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ. ಈ ಹೆಜ್ಜೆಯಲ್ಲಿ ನೀವು ಮಾಡಬೇಕಾದ್ದು ಒಂದೇ: ಯಾರಿಗಾದರೂ ಕೊಡಬೇಕಾದ ಹಣ, ಒಪ್ಪಿಸಬೇಕಾದ ವಸ್ತು, ಸರಿಪಡಿಸಬೇಕಾದ ಮಾತು ಇದ್ದರೆ ಪುಸ್ತಕ ಮುಚ್ಚಿಟ್ಟು ಅದನ್ನು ಮುಗಿಸಿಕೊಂಡು ಬನ್ನಿ.

ಹೆಜ್ಜೆ 6: ಸರ್ವಾಂಗಹೋಮದಲ್ಲಿ ತಟ್ಟೆಗೆ ಏನೂ ಬರುವುದಿಲ್ಲ

ಕೈಯಿಟ್ಟವನೇ ಪ್ರಾಣಿಯನ್ನು ಕೊಲ್ಲುತ್ತಾನೆ. ಯಾಜಕನ ಕೆಲಸ ರಕ್ತದಿಂದ ಶುರು. ನಾವು ಇದನ್ನು ಗಮನಿಸದೆ ಎಲ್ಲವನ್ನೂ ಯಾಜಕನ ಕೈಗೆ ಕೊಟ್ಟು ಓದಿಬಿಡುತ್ತೇವೆ. ಚರ್ಮ ಯಾಜಕನಿಗೆ (7:8), ಉಳಿದದ್ದೆಲ್ಲ ಬೆಂಕಿಗೆ. ಯಾರೂ ತಿನ್ನುವುದಿಲ್ಲ. ಈ ಬಲಿಯ ಅರ್ಥ ಇರುವುದು ಅಲ್ಲೇ. ಏನನ್ನೂ ಉಳಿಸಿಕೊಳ್ಳದೆ ಕೊಡುವುದು. ಅಬ್ರಹಾಮನಿಂದ ದೇವರು ಕೇಳಿದ್ದೂ ಈ ಬಲಿಯನ್ನೇ.

ಬೆಳಿಗ್ಗೆ ಒಂದು ಕುರಿಮರಿ, ಸಂಜೆ ಒಂದು ಕುರಿಮರಿ, ದಿನವೂ. ಬೆಂಕಿ ಆರುವಂತಿಲ್ಲ. ಬೆಂಕಿಯ ಬಗ್ಗೆ ಎಷ್ಟೋ ಹಾಡುಗಳಿವೆ, ಬೂದಿಯ ಬಗ್ಗೆ ಯಾರೂ ಹಾಡುವುದಿಲ್ಲ. 6:10–11 ನೋಡಿ: ರಾತ್ರಿಯಿಡೀ ಉರಿದ ಹೋಮದ ಬೂದಿಯನ್ನು ಯಾಜಕ ತೆಗೆಯಬೇಕು, ಬಟ್ಟೆ ಬದಲಾಯಿಸಬೇಕು, ಅದನ್ನು ಪಾಳೆಯದ ಹೊರಗೆ ಹೊತ್ತುಕೊಂಡು ಹೋಗಬೇಕು. ನಿಮ್ಮ ದೇಹಗಳನ್ನು ಸಜೀವ ಯಜ್ಞವಾಗಿ ಅರ್ಪಿಸಿ ಎಂದು ಪೌಲ ರೋಮಾಪುರದವರಿಗೆ ಬರೆದಾಗ (12:1) ನಮಗೆ ಜ್ವಾಲೆ ಮಾತ್ರ ಕಾಣುತ್ತದೆ. ದಿನಾ ಬೂದಿ ತೆಗೆಯುವ ಕೆಲಸವೂ ಅದರಲ್ಲಿ ಸೇರಿದೆ.

ಹೆಜ್ಜೆ 7: ಧಾನ್ಯನೈವೇದ್ಯ, ಅಡುಗೆಮನೆಯ ಬಲಿ

ಎರಡನೇ ಅಧ್ಯಾಯ ಚಿಕ್ಕದು, ಚೆಂದದ್ದು. ಒಲೆಯಲ್ಲಿ ಸುಟ್ಟದ್ದು, ಹಂಚಿನ ಮೇಲೆ ಬೇಯಿಸಿದ್ದು, ಬಾಣಲೆಯಲ್ಲಿ ಮಾಡಿದ್ದು ಎಂದು ಮೂರು ಬಗೆ. ಒಂದು ಹಿಡಿ ಬೆಂಕಿಗೆ, ಉಳಿದದ್ದು ಯಾಜಕರ ಊಟಕ್ಕೆ. ಉಪ್ಪು ಬೇಕೇ ಬೇಕು. ಹುಳಿಹಿಟ್ಟು, ಜೇನು ವೇದಿಯ ಮೇಲೆ ಬೇಡ. ಪ್ರಾಣಿಬಲಿಯ ಜೊತೆ ಧಾನ್ಯ ಬಂದಾಗ ದ್ರಾಕ್ಷಾರಸವನ್ನೂ ಹೊಯ್ಯುತ್ತಿದ್ದರು. ಕುರಿಮರಿಗೆ ಹಿನ್ ಎಂಬ ಅಳತೆಯ ಕಾಲು ಪಾಲು, ಟಗರಿಗೆ ಮೂರನೇ ಒಂದು ಪಾಲು, ಹೋರಿಗೆ ಅರ್ಧ. ಪೌಲ ತನ್ನ ಸಾವನ್ನು ಹೀಗೆ ಹೊಯ್ದ ದ್ರಾಕ್ಷಾರಸ ಎನ್ನುತ್ತಾನೆ (ಫಿಲಿಪ್ಪಿ 2:17).

ಹುಳಿ ಎಂದರೆ ಪಾಪ ಎಂದು ಕಣ್ಣುಮುಚ್ಚಿ ಬರೆದುಕೊಳ್ಳಬೇಡಿ. ಕೃತಜ್ಞತೆಯ ಬಲಿಯ ಜೊತೆ ಹುಳಿರೊಟ್ಟಿ ತರಬೇಕೆಂದು 7:13 ಹೇಳುತ್ತದೆ. ವಾರಗಳ ಹಬ್ಬದ ಎರಡು ರೊಟ್ಟಿಗಳೂ ಹುಳಿಯವೇ (23:17). ಯೇಸು ಪರಲೋಕರಾಜ್ಯವನ್ನೇ ಹುಳಿಹಿಟ್ಟಿಗೆ ಹೋಲಿಸಿದ್ದಾರೆ.

ಇದೇ ಅಧ್ಯಾಯದ ಕೊನೆಯಲ್ಲಿ ಹೊಸ ತೆನೆಯ ಪ್ರಥಮಫಲ ಬರುತ್ತದೆ. ಸೆಪ್ಟೆಂಬರ್ 8ರಂದು ಮಂಗಳೂರು ಕಡೆಯ ಕಥೋಲಿಕರು ಮೊಂತಿ ಹಬ್ಬ ಮಾಡುತ್ತಾರಲ್ಲ, ಹೊಸ ಭತ್ತದ ತೆನೆಯನ್ನು ಚರ್ಚಿನಲ್ಲಿ ಆಶೀರ್ವಾದ ಮಾಡಿಸಿ, ಮನೆಗೆ ತಂದು, ಊಟದಲ್ಲಿ ಬೆರೆಸಿ ಎಲ್ಲರೂ ಒಟ್ಟಿಗೆ ಉಣ್ಣುವುದು, ಅದನ್ನು ಕಂಡವರಿಗೆ ಈ ಭಾಗವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆಜ್ಜೆ 8: ಸಮಾಧಾನಯಜ್ಞದಲ್ಲಿ ಜಾಸ್ತಿ ಹೊತ್ತು ಕೂತಿರಿ

ಇಷ್ಟು ಹೊತ್ತು ಬಲಿ ತಂದವನ ತಟ್ಟೆ ಖಾಲಿ ಇತ್ತು. ಈಗ ತುಂಬುತ್ತದೆ. ಕೊಬ್ಬು ಬೆಂಕಿಗೆ, ಅದು ದೇವರ ಪಾಲು. ಎದೆಯ ಭಾಗ ಮತ್ತು ಬಲದೊಡೆ ಯಾಜಕರಿಗೆ. ಉಳಿದದ್ದೆಲ್ಲ ತಂದವನ ಮನೆಯವರಿಗೆ. ದೇವರು, ಯಾಜಕ, ರೈತ, ಅವನ ಹೆಂಡತಿ ಮಕ್ಕಳು ಎಲ್ಲರೂ ಒಂದೇ ಪ್ರಾಣಿಯಲ್ಲಿ ಪಾಲು ಪಡೆಯುವುದು ಇಲ್ಲಿ ಮಾತ್ರ.

ತರಲು ಕಾರಣ ಮೂರು: ಕೃತಜ್ಞತೆ, ಹರಕೆ, ಸ್ವಂತ ಇಷ್ಟ. ಕೃತಜ್ಞತೆಯದ್ದಾದರೆ ಮಾಂಸವನ್ನು ಅದೇ ದಿನ ತಿಂದು ಮುಗಿಸಬೇಕು. ಬೆಳಗಿನವರೆಗೆ ಉಳಿಸುವಂತಿಲ್ಲ. ಹರಕೆಯದ್ದನ್ನೂ ಸ್ವಂತ ಇಷ್ಟದ್ದನ್ನೂ ಮರುದಿನವೂ ತಿನ್ನಬಹುದು. ಮೂರನೇ ದಿನಕ್ಕೆ ಉಳಿದರೆ ಸುಟ್ಟುಬಿಡಬೇಕು. ಈ ನಿಯಮ ಯಾಕೆ? ಪಠ್ಯ ಕಾರಣ ಕೊಡುವುದಿಲ್ಲ. ಆದರೆ ಲೆಕ್ಕ ಹಾಕಿ: ಒಂದು ಇಡೀ ಪ್ರಾಣಿ, ಒಂದೇ ದಿನ. ಒಂದು ಮನೆಯವರು ತಿಂದು ಮುಗಿಸಲು ಸಾಧ್ಯವೇ? ಅಕ್ಕಪಕ್ಕದವರನ್ನು ಕರೆಯಲೇಬೇಕು. ಧರ್ಮೋಪದೇಶಕಾಂಡ 12:18ರಲ್ಲಿ ಮಕ್ಕಳು, ದಾಸದಾಸಿಯರು, ಊರಿನ ಲೇವಿಯರು ಎಲ್ಲರ ಜೊತೆ ತಿಂದು ಸಂತೋಷಪಡಿ ಎಂಬ ಮಾತಿದೆ. ದೇವರು ಬದುಕಿಸಿದರು ಎಂದು ಒಬ್ಬನೇ ಮನೆಯಲ್ಲಿ ಕೂತು ಧನ್ಯವಾದ ಹೇಳಿ ಮುಗಿಸುವ ಹಾಗಿಲ್ಲ, ಹತ್ತು ಜನರಿಗೆ ಬಡಿಸಿ ಹೇಳಬೇಕು ಎಂದು ನಾನು ಇದನ್ನು ಓದುತ್ತೇನೆ.

ಈ ಊಟದ ನಿಜವಾದ ದೃಶ್ಯ ಬೇಕಿದ್ದರೆ 1 ಸಮುವೇಲ 1 ಮತ್ತು 2ನೇ ಅಧ್ಯಾಯಗಳನ್ನು ಜೊತೆಗೆ ಓದಿ. ಶೀಲೋವಿನಲ್ಲಿ ಎಲ್ಕಾನ ಮನೆಯವರಿಗೆಲ್ಲ ಪಾಲು ಹಂಚುತ್ತಾನೆ. ಅವನ ಹೆಂಡತಿ ಹನ್ನಳು ಅಳುತ್ತಾ ಊಟವನ್ನೇ ಮಾಡುವುದಿಲ್ಲ. ಮುಂದಿನ ಅಧ್ಯಾಯದಲ್ಲಿ ಅಲ್ಲಿನ ಯಾಜಕ ಏಲಿಯ ಮಕ್ಕಳ ಆಳು ಮೂರು ಮುಳ್ಳಿನ ಕೊಂಡಿ ಹಿಡಿದು ಬರುತ್ತಾನೆ. ಕೊಬ್ಬನ್ನು ದೇವರಿಗೆ ಸುಡುವ ಮೊದಲೇ ಹಸಿಮಾಂಸ ಕೊಡು, ಇಲ್ಲದಿದ್ದರೆ ಕಿತ್ತುಕೊಳ್ಳುತ್ತೇನೆ ಎನ್ನುತ್ತಾನೆ. ಅವರು ಕೆಡಿಸಿದ್ದು ಪೂಜೆಯ ವಿಧಿಯನ್ನಷ್ಟೇ ಅಲ್ಲ, ದೇವರ ಊಟವನ್ನೇ. ಯಾರು ತಿಂದರು ಎಂಬ ಪ್ರಶ್ನೆಯ ತೂಕ ಅಲ್ಲಿ ಗೊತ್ತಾಗುತ್ತದೆ.

ಹೆಜ್ಜೆ 9: 16ನೇ ಅಧ್ಯಾಯವನ್ನು ಒಂದೇ ಸಲಕ್ಕೆ ಓದಿ

ಏಳನೇ ತಿಂಗಳ ಹತ್ತನೇ ದಿನ. ಮಹಾಯಾಜಕ ತನ್ನ ವೈಭವದ ಬಟ್ಟೆ ಕಳಚಿ ನಾರುಬಟ್ಟೆ ಉಡುತ್ತಾನೆ. ಮೊದಲು ತನಗಾಗಿ ಹೋರಿ. ಆಮೇಲೆ ಜನರಿಗಾಗಿ ಎರಡು ಹೋತ. ಚೀಟಿ ಹಾಕುತ್ತಾರೆ. ಒಂದರ ರಕ್ತ ತೆರೆಯನ್ನು ದಾಟಿ ಕೃಪಾಸನದವರೆಗೆ ಹೋಗುತ್ತದೆ. ನಿಮ್ಮ ಚಿತ್ರದಲ್ಲಿ ಇದಕ್ಕಿಂತ ಒಳಗೆ ಜಾಗವಿಲ್ಲ. ಇನ್ನೊಂದು ಹೋತ ಜನರ ಪಾಪ ಹೊತ್ತು ಅರಣ್ಯಕ್ಕೆ ಹೋಗುತ್ತದೆ. ಒಂದು ಒಳಕ್ಕೆ, ಇನ್ನೊಂದು ಹೊರಕ್ಕೆ. ಈ ದಿನ ದೋಷಪರಿಹಾರಕ ಬಲಿಯಲ್ಲಿ ಯಾರೂ ತಿನ್ನುವುದಿಲ್ಲ, ಜನರೆಲ್ಲ ತಮ್ಮನ್ನು ಕುಗ್ಗಿಸಿಕೊಂಡು ಉಪವಾಸವಿರುವ ದಿನ ಇದು.

ಹೆಜ್ಜೆ 10: ಈಗ ಕ್ರಿಸ್ತನ ಕಡೆಗೆ, ಮೂರು ಗುಂಪು ಮಾಡಿ

ಮೊದಲ ಗುಂಪಿನಲ್ಲಿ ಹೊಸ ಒಡಂಬಡಿಕೆ ತಾನೇ ಹೇಳುವುದು. ಕ್ರಿಸ್ತ ನಮ್ಮ ಪಸ್ಕದ ಕುರಿ (1 ಕೊರಿಂಥ 5:7). ಪಸ್ಕ ಎಂದರೆ ಐಗುಪ್ತದಿಂದ ಬಿಡುಗಡೆಯಾದ ನೆನಪಿನ ಹಬ್ಬ. ಸುವಾಸನೆಯ ಬಲಿಯಾಗಿ ತನ್ನನ್ನು ಒಪ್ಪಿಸಿದವನು (ಎಫೆಸ 5:2). ತನ್ನ ಸ್ವಂತ ರಕ್ತದೊಂದಿಗೆ ಒಂದೇ ಸಲ ಒಳಗೆ ಹೋದ ಮಹಾಯಾಜಕ (ಇಬ್ರಿಯ 9). ಎರಡನೇ ಗುಂಪಿನಲ್ಲಿ ಪಠ್ಯದ ಜಾಡಿಗೆ ಚೆನ್ನಾಗಿ ಹೊಂದುವುದು. ಯೆಶಾಯ 53:10ರಲ್ಲಿ ದೇವರ ಸೇವಕನ ಪ್ರಾಣ ಪ್ರಾಯಶ್ಚಿತ್ತಯಜ್ಞವಾಗುತ್ತದೆ. ಟಗರಿನ ಜೊತೆ ಬಾಕಿ ತೀರಿಸುವ ಆ ಬಲಿ ನಿಮಗೆ ಈಗ ಗೊತ್ತು. ಮೂರನೇ ಗುಂಪಿನಲ್ಲಿ ಯಾರೋ ಊಹಿಸಿ ಕಟ್ಟಿದ್ದು. ಹಿಟ್ಟು ನುಣುಪಾಗಿರುವುದರಿಂದ ಕ್ರಿಸ್ತನ ಸ್ವಭಾವ ನುಣುಪು ಎನ್ನುವಂಥವು. ಭಕ್ತಿಗೆ ಅಡ್ಡಿಯಿಲ್ಲ, ಆದರೆ ಅದನ್ನು ದೇವರ ಮಾತು ಎಂದು ಇನ್ನೊಬ್ಬರ ತಲೆಗೆ ಕಟ್ಟಬೇಡಿ.

ಪಸ್ಕ ದೋಷಪರಿಹಾರಕ ಯಜ್ಞವಲ್ಲ ಎನ್ನುವುದೂ ನೆನಪಿರಲಿ. ಅದನ್ನು ಮನೆಯವರೆಲ್ಲ ತಿನ್ನುತ್ತಿದ್ದರು. ಲೂಕ 2:24ಕ್ಕೂ ಒಮ್ಮೆ ಹೋಗಿ ಬನ್ನಿ. ಮಗುವಾದ ಮೇಲೆ ಮರಿಯಳು ತಂದದ್ದು ಎರಡು ಹಕ್ಕಿಯ ಬಲಿ. ಯಾಜಕಕಾಂಡ 12:8ರ ಪ್ರಕಾರ ಅದು ಕುರಿ ತರಲಾರದ ಬಡ ತಾಯಿಯ ಬಲಿ.

ಈಗ ಆ ಅಡಿಗೆರೆ ಎಳೆದ ನಿಯಮ. ರಕ್ತ ಒಳಗೆ ಹೋದ ಬಲಿಯನ್ನು ಯಾರೂ ತಿನ್ನುವಂತಿಲ್ಲ, ಹೊರಗೆ ಸುಡಬೇಕು. ಇಬ್ರಿಯ 13:11–12 ಇದನ್ನೇ ಹಿಡಿದು, ಯೇಸು ಊರ ಬಾಗಿಲಾಚೆ ಸತ್ತದ್ದಕ್ಕೆ ಜೋಡಿಸುತ್ತದೆ. ಅಷ್ಟಾದರೆ ಸಾಕಿತ್ತು. ಆದರೆ ಅದಕ್ಕೆ ಮೊದಲಿನ ವಚನ ನೋಡಿ: ನಮಗೊಂದು ಯಜ್ಞವೇದಿ ಇದೆ, ಗುಡಾರದ ಸೇವಕರಿಗೆ ಅದರಿಂದ ತಿನ್ನುವ ಹಕ್ಕಿಲ್ಲ. ಅಂದರೆ ನಮಗಿದೆ! ಯಾಜಕರೂ ಮುಟ್ಟುವಂತಿರದ ಬಲಿಯಲ್ಲಿ ಸಾಮಾನ್ಯರಿಗೆ ಪಾಲು ಸಿಕ್ಕಿತು.

ಕೊನೆಯ ರಾತ್ರಿಯ ಊಟದಲ್ಲಿ ಯೇಸು ಹೇಳಿದ ‘ಒಡಂಬಡಿಕೆಯ ರಕ್ತ’ ಎಂಬ ಮಾತು ವಿಮೋಚನಕಾಂಡ 24:8ರದ್ದು. ಅಲ್ಲಿ ಮೋಶೆ ರಕ್ತ ಚಿಮುಕಿಸುತ್ತಾನೆ. ಆಮೇಲೆ 70 ಹಿರಿಯರು ಬೆಟ್ಟ ಹತ್ತಿ ದೇವರನ್ನು ಕಂಡು, ಉಂಡು ಕುಡಿಯುತ್ತಾರೆ. ಯಾಜಕಕಾಂಡ 17ರಲ್ಲಿ ರಕ್ತವನ್ನು ಬಾಯಿಗಿಡುವುದೇ ನಿಷೇಧ, ಜೀವ ಅದರಲ್ಲಿದೆ ಎಂದು. ಅಂಥವರ ನಡುವೆ ಕೂತು ಇದು ನನ್ನ ರಕ್ತ, ಕುಡಿಯಿರಿ ಎಂದರೆ ಹೇಗಿದ್ದಿರಬೇಕು! ಇದಕ್ಕೂ ಮೊದಲು ಯೇಸು ಇಂಥದ್ದೇ ಮಾತಾಡಿದಾಗ, ಯೋಹಾನ 6:60ರಲ್ಲಿ ಶಿಷ್ಯರೇ ಇದು ಕಠಿಣವಾದ ಮಾತು ಎಂದು ಗೊಣಗಿದ್ದು ಸುಮ್ನೆ ಅಲ್ಲ. ಕರ್ತನ ಭೋಜನದಲ್ಲಿ ನಾವು ಅಭ್ಯಾಸಬಲದಿಂದ ಕೈಚಾಚುತ್ತೇವೆ. ಯಾಜಕಕಾಂಡ ಓದಿ ಹೋದ ಭಾನುವಾರ ಹಾಗಾಗುವುದಿಲ್ಲ. ಪೌಲ ಕೂಡ ಈ ಊಟವನ್ನು ಇಸ್ರಾಯೇಲ್ಯರ ಬಲಿಯೂಟದ ಪಕ್ಕದಲ್ಲೇ ಇಡುತ್ತಾನೆ (1 ಕೊರಿಂಥ 10:16–18).

ಹೆಜ್ಜೆ 11: ಯೆಹೂದ್ಯರ ಬಗ್ಗೆ ನಾಲಿಗೆ ಬಿಗಿಹಿಡಿಯಿರಿ

ಹಳೆಯ ಒಡಂಬಡಿಕೆಯಲ್ಲಿ ಬರೀ ನಿಯಮ, ಕೃಪೆ ಬಂದದ್ದು ನಮ್ಮ ಕಾಲಕ್ಕೆ ಎನ್ನುವವರು 4ನೇ ಅಧ್ಯಾಯವನ್ನು ಓದಿಲ್ಲ. ಅಲ್ಲಿ ಮತ್ತೆ ಮತ್ತೆ ಬರುವ ಮಾತು ‘ಅವನಿಗೆ ಕ್ಷಮೆಯಾಗುವುದು’. ಯಾಂತ್ರಿಕ ಬಲಿಗೆ ಮೊದಲು ಬೈದವರೂ ಅವರ ಪ್ರವಾದಿಗಳೇ. ಆಮೋಸ 5, ಯೆಶಾಯ 1, ಮೀಕ 6 ಓದಿ. ನನಗೆ ಹಸಿವಾದರೆ ನಿನಗೆ ಹೇಳುವುದಿಲ್ಲ ಎಂದು 50ನೇ ಕೀರ್ತನೆಯಲ್ಲಿ ದೇವರು ಗೇಲಿ ಮಾಡಿದಂತೆ ಮಾತಾಡುತ್ತಾರೆ.

ಯೇಸುವಿನ ಪುನರುತ್ಥಾನದ ಮೇಲೂ ಶಿಷ್ಯರು ದೇವಾಲಯಕ್ಕೆ ಹೋಗುತ್ತಿದ್ದರು. ಅಪೊಸ್ತಲರ ಕೃತ್ಯಗಳು 21ರಲ್ಲಿ ಹರಕೆ ಹೊತ್ತ ನಾಲ್ವರ ಖರ್ಚನ್ನು ಪೌಲನೇ ಹೊರುತ್ತಾನೆ. ಬಲಿಗಳು ನಿಂತದ್ದು ಕ್ರಿಸ್ತಶಕ 70ರಲ್ಲಿ, ತೀತನ ರೋಮನ್ ಸೈನ್ಯ ದೇವಾಲಯವನ್ನು ಸುಟ್ಟಾಗ. ಆಮೇಲೆ ಯೆಹೂದ್ಯರ ಆರಾಧನೆ ಪ್ರಾರ್ಥನೆ, ಓದು, ದಾನಧರ್ಮಗಳ ಸುತ್ತ ಬೆಳೆಯಿತು. ಸಮಾರ್ಯದವರ ಸಣ್ಣ ಸಮುದಾಯ ಮಾತ್ರ ಈಗಲೂ ಗೆರಿಜೀಮ್ ಬೆಟ್ಟದ ಮೇಲೆ ಪ್ರತಿವರ್ಷ ಪಸ್ಕದ ಕುರಿಗಳನ್ನು ಕೊಯ್ದು, ಸುಟ್ಟು, ಒಟ್ಟಿಗೆ ತಿನ್ನುತ್ತದೆ.

ಹೆಜ್ಜೆ 12: ಕಾಣಿಕೆ ಪೆಟ್ಟಿಗೆಯ ಹತ್ತಿರ ಎಚ್ಚರ

ಈ ಅಧ್ಯಾಯಗಳನ್ನು ಹಿಡಿದು ದುಡ್ಡು ಕೇಳುವ ಬೋಧಕರಿದ್ದಾರೆ. ದೊಡ್ಡ ಬಲಿ ಕೊಟ್ಟರೆ ದೊಡ್ಡ ಆಶೀರ್ವಾದ ಎನ್ನುತ್ತಾರೆ. ಅಂಥವರು ಹಿಟ್ಟಿನ ವಚನವನ್ನು ಓದುವುದೇ ಇಲ್ಲ. 2 ಲೀಟರ್ ಹಿಟ್ಟು ತಂದವನಿಗೂ ಹೋರಿ ತಂದವನಿಗೂ ಸಿಕ್ಕ ಕ್ಷಮೆ ಒಂದೇ. ಸಾಲ ಮಾಡಿ ಕೊಡಿ ಎಂದವರಿಗೆ 5:11 ತೋರಿಸಿ.

ಹೊಸ ಒಡಂಬಡಿಕೆ ಇಂದಿನ ಬಲಿ ಎಂದು ಕರೆಯುವುದು ಕೆಲವನ್ನು ಮಾತ್ರ. ನಮ್ಮ ದೇಹ (ರೋಮಾ 12:1). ಬಾಯಿಂದ ಬರುವ ಸ್ತೋತ್ರ, ಉಪಕಾರ, ಇರುವುದನ್ನು ಹಂಚಿಕೊಳ್ಳುವುದು (ಇಬ್ರಿಯ 13:15–16). ಸೆರೆಯಲ್ಲಿದ್ದ ಪೌಲನಿಗೆ ಫಿಲಿಪ್ಪಿಯವರು ಕಳಿಸಿಕೊಟ್ಟ ನೆರವು (ಫಿಲಿಪ್ಪಿ 4:18).

ಮನೆಯಲ್ಲಿ ನಾಲ್ಕು ಜನ ಸೇರಿ ಓದುವುದಾದರೆ 8ನೇ ಹೆಜ್ಜೆಯನ್ನು ಊಟದ ದಿನ ಇಟ್ಟುಕೊಳ್ಳಿ. 116ನೇ ಕೀರ್ತನೆಯನ್ನು ಜೋರಾಗಿ ಓದಿ. ಒಬ್ಬೊಬ್ಬರೂ ಈ ವರ್ಷ ಯಾವುದಕ್ಕೆ ಕೃತಜ್ಞರು ಎಂದು ಬಡಿಸುವ ಮೊದಲು ಹೇಳಲಿ. ಊಟ ಮುಗಿದ ಮೇಲೆ ಹೇಳಲು ಕೂತರೆ ಅರ್ಧ ಜನ ಎದ್ದುಹೋಗಿರುತ್ತಾರೆ. ಅಡುಗೆ ನಿಮ್ಮ ಮನೆಯವರ ಲೆಕ್ಕಕ್ಕಿಂತ ಜಾಸ್ತಿ ಇರಲಿ. ಯಾರನ್ನು ಕರೆಯಬೇಕು ಎಂದು ಯೋಚನೆಯಾದರೆ ಧರ್ಮೋಪದೇಶಕಾಂಡ 16:11ರಲ್ಲಿ ಪಟ್ಟಿ ಸಿದ್ಧವಿದೆ: ಮನೆಗೆಲಸದವರು, ಪರದೇಶದವರು, ತಂದೆಯಿಲ್ಲದ ಮಕ್ಕಳು, ವಿಧವೆಯರು.